ಶಾದ್ಲಿಯಾಳ ಎರಡು ತಾರಸಿಗಳು

ಶಾದ್ಲಿಯಾ ನಾನು ಪಾಠ ಹೇಳುತ್ತಿದ್ದ ಮೂರನೆಯ ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಬಿರುಬೇಸಿಗೆಯಲ್ಲಿ ಬಸವನಹುಳುಗಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ನಿದ್ರೆ ಮಾಡುತ್ತವೆ ಎಂದು ಒಂದು ದಿನ ಪಾಠದ ನಡುವೆ ನಾನು ಹೇಳಿದೆ. ಮರುದಿನ ಅವಳ ಪೆನ್ಸಿಲ್ ಡಬ್ಬಿಯಲ್ಲಿ ಏಳು ಬಸವನಹುಳುಗಳಿದ್ದವು.

"ಏನಮ್ಮ ಇದು?" ಎಂದೆ.

"ನಿದ್ದೆ ಬಂದಾಗ ಮೊದಲು ಕೊಂಬು ಒಳಗೆ ಹೋಗುತ್ತಾ, ತಲೆ ಹೋಗುತ್ತಾ ಅಂತ ನೋಡ್ಬೇಕು ಮೇಷ್ಟ್ರೇ. ನೀವು ಹೇಳ್ಲೇ ಇಲ್ಲ."

ಅವು ನಿದ್ರೆ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹುಳುಗಳು ಗೋಡೆಯ ಭೂಪಟವನ್ನೇರಿ ಟ್ಯುನಿಸ್ ಕೊಲ್ಲಿಯಿಂದ ಸಿಸಿಲಿಯವರೆಗೆ ಬೆಳ್ಳಗಿನ ಗೆರೆ ಎಳೆದಿದ್ದವು. ನಾನು ಗದರಿಸಿದೆ. ಆದರೆ ಗಂಟೆ ಹೊಡೆಯುವವರೆಗೂ ಮಕ್ಕಳ ಜೊತೆ ನಾನೂ ಅದನ್ನೇ ನೋಡುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಮೂವತ್ತೆಂಟು ವರ್ಷ ಪಾಠ ಹೇಳಿದವನಿಗೆ ಎಷ್ಟೋ ಮಕ್ಕಳ ಮುಖ ಮರೆತುಹೋಗುತ್ತದೆ. ಇವಳದು ಮರೆಯಲಿಲ್ಲ, ಮರೆಯಲು ಅವಕಾಶವೂ ಸಿಗಲಿಲ್ಲ. ಟ್ಯುನಿಸ್‌ನ ಹಳೆಯ ಪೇಟೆಯಲ್ಲಿ, ಬಾಬ್ ಜದೀದ್ ಬಾಗಿಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ ಆರಂಭದಲ್ಲಿದ್ದರೆ ಅವಳದು ತುದಿಯಲ್ಲಿತ್ತು. ಅವಳು ಆರನೆಯ ತರಗತಿಗೆ ಶಾಲೆ ಬಿಟ್ಟಳು. ಅತ್ತೆಯೊಬ್ಬಳು ಕರೆದುಕೊಂಡು ಹೋಗಿ ಕುಸ್ಕುಸ್ ಹೊಸೆಯುವುದನ್ನು ಕಲಿಸಿದಳು. ಇಪ್ಪತ್ತಕ್ಕೆ ಟ್ರಾಮ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಸಾಸಿಯನ್ನು ಮದುವೆಯಾಗಿ, ಅದೇ ಓಣಿಯ ದೊಡ್ಡ ಮನೆಯೊಂದರ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದಳು. ನಡುವೆ ಒಂದು ಅಂಗಳ, ಸುತ್ತ ಐದು ಸಂಸಾರ, ಐದಕ್ಕೂ ಸೇರಿ ಒಂದೇ ನಲ್ಲಿ, ಒಂದೇ ಪಾಯಖಾನೆ. ಮೇಲೆ ಅಗಲವಾದ ತಾರಸಿ.

ಆ ತಾರಸಿಯೇ ಅವಳ ಬದುಕಾಯಿತು. ನಮ್ಮಲ್ಲಿ ಆಗಸ್ಟ್ ತಿಂಗಳೆಂದರೆ ವರ್ಷದ ದಿನಸಿ ಮಾಡಿಟ್ಟುಕೊಳ್ಳುವ ತಿಂಗಳು. ಮೆಣಸಿನಕಾಯಿ, ಟೊಮೆಟೊ ಒಣಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಕುಸ್ಕುಸ್. ಅಗಲವಾದ ಮರದ ಹರಿವಾಣದಲ್ಲಿ ರವೆ ಹಾಕಿ, ಉಪ್ಪುನೀರು ಚಿಮುಕಿಸಿ, ಅಂಗೈಯಲ್ಲಿ ಸುತ್ತಿ ಸುತ್ತಿ ಸಾಸಿವೆಯಷ್ಟು ಸಣ್ಣ ಕಾಳು ಮಾಡಬೇಕು. ಒಂದಾದ ಮೇಲೊಂದು ಮೂರು ಜರಡಿ ಹಿಡಿಯಬೇಕು. ಹಬೆಯಲ್ಲಿಟ್ಟು ತೆಗೆದು ಬಿಳಿ ಬಟ್ಟೆಯ ಮೇಲೆ ಹರಡಬೇಕು. ಹರಡಿದ ಮೇಲೆ ಕೈಬಿಡುವಂತಿಲ್ಲ: ಗಂಟೆಗೊಮ್ಮೆ ಬೆರಳಾಡಿಸಿ ತಿರುವುತ್ತಿರಬೇಕು. ಇಲ್ಲದಿದ್ದರೆ ಮೇಲಿನದು ಗರಿಗರಿಯಾಗಿ, ಅಡಿಯದು ಹೆಪ್ಪುಗಟ್ಟುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಸಿಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನಾಲಿಗೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ತನ್ನ ಮನೆಗೆ ಮಾತ್ರ ಮಾಡುತ್ತಿದ್ದಳು. ಕೈಯ ಹದ ಬಾಯಿಂದ ಬಾಯಿಗೆ ಹರಡಿ, ನಲವತ್ತನೆಯ ವಯಸ್ಸಿನ ಹೊತ್ತಿಗೆ ನಲವತ್ತು ಮನೆಗಳವರು ಅವಳಲ್ಲಿ ಹೇಳಿ ಮಾಡಿಸುತ್ತಿದ್ದರು. ಅಂಗಳದ ಐದೂ ಹೆಂಗಸರು ಸೇರುತ್ತಿದ್ದರು. ನಮ್ಮ ಕಿಟಕಿಗೆ ಆ ತಾರಸಿ ಕಾಣುತ್ತಿತ್ತು. ಮಲ್ಲಿಗೆ ಮುಡಿದು, ಉಡುಪಿನ ಅಂಚು ಸೊಂಟಕ್ಕೆ ಸಿಕ್ಕಿಸಿ, ಅವರು ಆಡಿಕೊಂಡು ನಗುತ್ತಿದ್ದುದು ನನ್ನ ಮೇಜಿನವರೆಗೂ ಕೇಳುತ್ತಿತ್ತು. ಯಾರ ಗಂಡನ ಗೊರಕೆ ಎಷ್ಟು ಜೋರು ಎಂಬುದನ್ನು ನಾನು ತಿಳಿದದ್ದು ಹಾಗೆಯೇ.

ಇಪ್ಪತ್ತು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ಆ ದೊಡ್ಡ ಮನೆಯ ವಾರಸುದಾರರು ಅದನ್ನು ಮಾರಿದರು. ಅಕ್ಟೋಬರ್ ಕೊನೆಗೆ ಎಲ್ಲರೂ ಖಾಲಿ ಮಾಡಬೇಕಿತ್ತು. ಹೆಂಗಸರಲ್ಲಿ ಒಬ್ಬಳು ಬಿಜೆರ್ತಾದ ಮಗನ ಮನೆಗೆ, ಇನ್ನೊಬ್ಬಳು ತವರಿಗೆ, ಉಳಿದಿಬ್ಬರು ಊರಿನ ಬೇರೆ ಬೇರೆ ಮೂಲೆಗೆ ಹೋಗುವುದೆಂದಾಯಿತು. ಸಾಸಿ ಮತ್ತು ಶಾದ್ಲಿಯಾ ಕೈಲಿದ್ದುದನ್ನೆಲ್ಲ ಕೂಡಿಸಿ, ಡಿಪೋದ ಸಾಲವನ್ನೂ ಸೇರಿಸಿ, ಸ್ವಂತ ಮನೆ ಕೊಳ್ಳಲು ಹೊರಟರು. ಅವರ ಕೈಗೆ ಎಟುಕುವ ಬಡಾವಣೆಗಳು ಎರಡೇ: ದಕ್ಷಿಣಕ್ಕೆ ಬೀರ್ ಲೂಜ್, ಪಶ್ಚಿಮಕ್ಕೆ ಹಯ್ ರಿಹಾನ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ದುಡ್ಡಿನ ಲೆಕ್ಕ ಅವರಿಗೆ ಏನೂ ಸಹಾಯ ಮಾಡಲಿಲ್ಲ.

ಬೀರ್ ಲೂಜಿನಲ್ಲಿ ಒಂಟಿ ಮನೆ: ಮೂರು ಕೋಣೆ, ಸ್ವಂತ ಬಾಗಿಲು, ಮುಂದೆ ನಿಂಬೆ ಗಿಡದ ಅಂಗಳ, ಮೇಲೆ ಸ್ವಂತ ತಾರಸಿ. ಆದರೆ ಬಸ್ಸು ಮುಕ್ಕಾಲು ಗಂಟೆಗೊಂದು. ಹಯ್ ರಿಹಾನದಲ್ಲಿ ಹನ್ನೆರಡು ಮನೆಗಳ ಕಟ್ಟಡದ ಮೂರನೆಯ ಅಂತಸ್ತು: ಟ್ರಾಮ್ ನಿಲ್ದಾಣ ಹತ್ತಿರ, ಮಗಳು ರಮ್ಲಾಳ ಪ್ರೌಢಶಾಲೆಗೆ ಹತ್ತು ನಿಮಿಷದ ನಡಿಗೆ. ಲಿಫ್ಟು ಇಲ್ಲ. ತಾರಸಿ ಎಲ್ಲರದು; ಎಲ್ಲರದು ಎಂದಮೇಲೆ ಯಾರದೂ ಅಲ್ಲ.

ಸಾಸಿಯ ಮನಸ್ಸೆಲ್ಲ ಬೀರ್ ಲೂಜಿನಲ್ಲಿತ್ತು. ಅವನದು ತಪ್ಪಲ್ಲ. ಹುಟ್ಟಿದಾಗಿನಿಂದ ಪಾಯಖಾನೆಗೆ ಸರದಿ ನಿಂತವನು.

"ಮೇಷ್ಟ್ರೇ, ನನ್ನ ಬಾಗಿಲಿಗೆ ನನ್ನ ಬೀಗ ಹಾಕ್ಕೊಂಡು ಸಾಯ್ಬೇಕು ನಾನು," ಎನ್ನುತ್ತಿದ್ದ.

"ಬೀಗ ಹಾಕ್ಕೊಂಡು ಸತ್ರೆ ಹೊರಗೆ ತರೋರು ಯಾರು? ಬಸ್ಸೂ ಇಲ್ಲ ಅಲ್ಲಿ," ಎನ್ನುತ್ತಿದ್ದಳು ಶಾದ್ಲಿಯಾ.

ಆದರೆ ಅವಳೂ ಹಯ್ ರಿಹಾನ ಬೇಕೆಂದು ಹೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ಮುಂದಿನ ಆಗಸ್ಟಿಗೂ ಆ ನಲವತ್ತು ಮನೆಗಳ ಕುಸ್ಕುಸ್ ತನ್ನ ಕೈಯಿಂದಲೇ ಹೋಗಬೇಕು. ಇಪ್ಪತ್ತು ವರ್ಷ ಹೊಸೆದ ಕೈ ಸುಮ್ಮನೆ ಮಡಿಲಲ್ಲಿ ಕುಳಿತರೆ ತಾನು ಯಾರು ಎಂದು ತನಗೇ ತಿಳಿಯುವುದಿಲ್ಲ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳಂತೆ.

ಎರಡೂ ಬಡಾವಣೆಗಳನ್ನು ನಾಲ್ಕು ನಾಲ್ಕು ಸಲ ನೋಡಿ ಬಂದರು. ಸಾಸಿ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಗಡಿಯಾರ ಹಿಡಿದು, ತುಂಬಲು ಎಷ್ಟು ನಿಮಿಷ ಎಂದು ಬರೆದುಕೊಂಡ. ಶಾದ್ಲಿಯಾ ಕೇಳಿದ ಪ್ರಶ್ನೆಗಳೇ ಬೇರೆ: ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ? ಗುಬ್ಬಚ್ಚಿ ಜಾಸ್ತಿಯೋ ಪಾರಿವಾಳವೋ? ಇಲ್ಲಿ ಉಪ್ಪು ಮುಗಿದರೆ ಯಾರ ಮನೆ ಬಾಗಿಲು ತಟ್ಟುತ್ತಾರೆ? ಎರಡೂ ಮನೆಗಳನ್ನು ತೋರಿಸುತ್ತಿದ್ದ ದಲ್ಲಾಳಿ ಹಮ್ಮಾದಿ ಬೆವರೊರೆಸಿಕೊಂಡು, "ಲಲ್ಲಾ, ಅಮ್ಮಾವ್ರೇ, ನಾನು ಮನೆ ಮಾರೋನು, ಗುಬ್ಬಚ್ಚಿ ಎಣಿಸೋನಲ್ಲ," ಎಂದನಂತೆ.

ಒಂದು ಶುಕ್ರವಾರದ ಸಂಜೆ ಗಂಡಹೆಂಡಿರಿಬ್ಬರೂ ನಮ್ಮ ಮನೆಗೆ ಬಂದರು. ಶಾದ್ಲಿಯಾಳ ಕಣ್ಣಿನಲ್ಲಿ ಪೆನ್ಸಿಲ್ ಡಬ್ಬಿಯ ದಿನದ ಹೊಳಪಿತ್ತು.

"ಮೇಷ್ಟ್ರೇ, ನಾಳೆ ನಿಮಗೇನು ಕೆಲಸ?"

"ಪಿಂಚಣಿ ತಗೊಳ್ಳೋನಿಗೆ ಏನಮ್ಮ ಕೆಲಸ?"

"ಹಾಗಾದ್ರೆ ನಮ್ಮ ಜೊತೆ ಬನ್ನಿ. ಬೆಳಗಿನ ಜಾವ ಒಂದೇ ಹರಿವಾಣದಲ್ಲಿ ಹೊಸೆದು, ಎರಡು ಪಾಲು ಮಾಡ್ತೀನಿ. ಒಂದು ಬೀರ್ ಲೂಜ್ ತಾರಸಿ ಮೇಲೆ, ಇನ್ನೊಂದು ಹಯ್ ರಿಹಾನ ತಾರಸಿ ಮೇಲೆ. ಒಂದೇ ಥರದ ಬಟ್ಟೆ, ಒಂದೇ ದಿನದ ಬಿಸಿಲು. ಯಾರೂ ಮುಟ್ಟೋ ಹಾಗಿಲ್ಲ. ಸಂಜೆ ಹೋಗಿ ನೋಡೋದು. ಯಾವ ತಾರಸಿ ಚೆನ್ನಾಗಿ ಒಣಗಿಸುತ್ತೋ ಆ ಮನೆ."

"ನಾನ್ಯಾಕೆ?"

ಸಾಸಿ ತಲೆ ಕೆರೆದುಕೊಂಡ. "ಇವಳು ಒಂದು ಹೇಳ್ತಾಳೆ, ನಾನೊಂದು ಹೇಳ್ತೀನಿ. ನೀವು ಸುಳ್ಳು ಹೇಳಲ್ಲ ಅಂತ ಇಬ್ರೂ ಒಪ್ಪಿಕೊಂಡಿದ್ದೀವಿ. ಅದೊಂದೇ ನಾವು ಒಪ್ಪಿದ್ದು ಈ ವಾರ."

ಹಾಗೆ ಶನಿವಾರ ಬೆಳಿಗ್ಗೆ ಆರೂವರೆಗೆ ನಾವು ಮೂವರು ಬೀರ್ ಲೂಜಿನ ಬಸ್ಸಿನಲ್ಲಿದ್ದೆವು. ನನ್ನ ತೊಡೆಯ ಮೇಲೆ ಒಂದು ಗಂಟು, ಸಾಸಿಯ ತೊಡೆಯ ಮೇಲೆ ಒಂದು. ಹಬೆಯ ಬಿಸಿ ಇನ್ನೂ ಆರಿರಲಿಲ್ಲ.

ಬೀರ್ ಲೂಜಿನ ತಾರಸಿ ನಿಜವಾಗಿಯೂ ಚೆನ್ನಾಗಿತ್ತು. ಸುತ್ತ ಎಲ್ಲ ತಗ್ಗು ಮನೆಗಳು. ಎಲ್ಲಿಂದಲೂ ನೆರಳಿಲ್ಲ, ದೂರಕ್ಕೆ ಬಾದಾಮಿ ತೋಪು. ಎಲ್ಲ ಮನೆಗಳ ಕಬ್ಬಿಣದ ಬಾಗಿಲುಗಳೂ ಮುಚ್ಚಿದ್ದವು. ಶಾದ್ಲಿಯಾ ಬಟ್ಟೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಕುಸ್ಕುಸ್ ಹರಡಿ, ಹಕ್ಕಿಗಳು ಬಾಯಿ ಹಾಕದಂತೆ ತೆಳುವಾದ ಪರದೆ ಮುಚ್ಚಿದಳು.

"ನೋಡ್ತಾ ಇರಿ ಮೇಷ್ಟ್ರೇ, ಈ ತಾರಸಿ ನನ್ನ ಕಡೆ ಸಾಕ್ಷಿ ಹೇಳುತ್ತೆ," ಎಂದ ಸಾಸಿ.

ಹಯ್ ರಿಹಾನ ತಲುಪುವಾಗ ಒಂಬತ್ತಾಗಿತ್ತು. ಮೆಟ್ಟಿಲ ಬುಡದಲ್ಲೇ, ಮೊದಲ ಅಂತಸ್ತಿನ ಬಾಗಿಲಲ್ಲಿ, ಬೀಗದ ಕೈ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಅರುವತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ. ಕಟ್ಟಡದ ಮೇಲ್ವಿಚಾರಣೆ ಅವಳದು. ಹೆಸರು ಮದಾಮ್ ನಫೀಸಾ. ಪಕ್ಕದಲ್ಲಿ ಹಮ್ಮಾದಿ ಕೈಮುಗಿಯುವುದೊಂದು ಬಾಕಿ.

"ತಾರಸಿ ಮೇಲೆ ಏನೂ ಹರಡೋ ಹಾಗಿಲ್ಲ," ಎಂದಳು ನಫೀಸಾ. "ನಿಯಮ. ಬಾಗಿಲ ಮೇಲೆ ಬರೆದು ಅಂಟಿಸಿದ್ದೀನಿ. ಓದೋಕೆ ಬರುತ್ತೆ ತಾನೆ?"

"ಬರುತ್ತೆ. ಇವರೇ ಕಲಿಸಿದ್ದು," ಎಂದು ಶಾದ್ಲಿಯಾ ನನ್ನನ್ನು ತೋರಿಸಿದಳು. "ಯಾಕೆ ಹರಡಬಾರದು ಅಂತಾನೂ ಬರೆದಿದೆಯಾ?"

"ಒಬ್ರು ಬಟ್ಟೆ ಹರಡಿದ್ರೆ ಇನ್ನೊಬ್ರು ಕಂಬಳಿ ಹರಡ್ತಾರೆ. ಆಮೇಲೆ ಜಗಳ ನನ್ನ ಬಾಗಿಲಿಗೆ ಬರುತ್ತೆ."

ಹಮ್ಮಾದಿ ನಡುವೆ ಬಾಯಿ ಹಾಕಿದ. "ಒಂದೇ ಒಂದು ದಿನ ಮದಾಮ್! ಕೊಳ್ಳೋರು ಇವರು. ನಿಮ್ಮ ನೆರೆಯವರಾಗೋರು."

ನಫೀಸಾ ಸಾಸಿಯ ಕೈಯ ಗಂಟನ್ನು ನೋಡಿದಳು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು ಎಂದು ಈಗ ನನಗೆ ಅನ್ನಿಸುತ್ತದೆ. ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಉಂಗುರದ ಬೆರಳೊಂದು ಮಾತ್ರ ಮಡಿಸದೆ ನೆಟ್ಟಗೆ ಚಾಚಿಕೊಂಡಿತ್ತು. ಹಳೆಯ ಪೆಟ್ಟಿರಬೇಕೆಂದುಕೊಂಡೆ.

"ಆರು ಗಂಟೆಗೆ ತೆಗೆದಿರಬೇಕು," ಎಂದು ಹಮ್ಮಾದಿಯ ಕೈಗೆ ಬೀಗದ ಕೈ ಹಾಕಿದಳು. "ಬೀಗ ತೆಗೆದೇ ಇರಲಿ. ಪದೇಪದೇ ನಾಲ್ಕು ಅಂತಸ್ತು ಹತ್ತೋಕೆ ನನ್ನ ಮಂಡಿ ಬಾಡಿಗೆಗೆ ಕೊಟ್ಟಿಲ್ಲ."

ಮೇಲೆ ಟಿವಿ ಡಿಶ್ ತಟ್ಟೆಗಳ ಕಾಡು. ಪಶ್ಚಿಮದ ಅಂಚಿನಲ್ಲಿ ಸಾಲಾಗಿ ನೀರಿನ ಟ್ಯಾಂಕುಗಳು. ಖಾಲಿ ಜಾಗ ಉಳಿದದ್ದು ಅವುಗಳ ಬುಡದಲ್ಲೇ. ಮಧ್ಯಾಹ್ನ ಎರಡು ದಾಟಿದ ಮೇಲೆ ಟ್ಯಾಂಕುಗಳ ನೆರಳು ನೇರವಾಗಿ ಇಲ್ಲಿಗೇ ಬೀಳುತ್ತದೆ ಎಂದು ಶಾದ್ಲಿಯಾ ಬೆರಳಿಂದಲೇ ಗೆರೆ ಎಳೆದು ತೋರಿಸಿದಳು. ಹರಡಿದಳು, ಮುಚ್ಚಿದಳು. ಮೆಟ್ಟಿಲಿಳಿಯುವಾಗ ಸಾಸಿ ಶಿಳ್ಳೆ ಹಾಕುತ್ತಿದ್ದ.

ಮಧ್ಯಾಹ್ನ ಮನೆಗೆ ಬಂದು ಉಂಡು ಮಲಗಿದೆ. ನಿದ್ರೆ ಬರಲಿಲ್ಲ. ಕುಸ್ಕುಸ್ ಒಣಗುವುದರಲ್ಲಿ ಈ ವಯಸ್ಸಿನವನಿಗೆ ಏನು ಕುತೂಹಲ ಎಂದು ಹೆಂಡತಿ ನಕ್ಕಳು. ಅವಳೇ ಮೂರು ಸಲ, "ಈಗ ಯಾವುದು ಮುಂದಿರಬಹುದು?" ಎಂದು ಕೇಳಿದಳು.

ನಾಲ್ಕೂವರೆಗೆ ಬೀರ್ ಲೂಜಿನಲ್ಲಿ ಪರದೆ ತೆಗೆದೆವು. ಬಟ್ಟೆಯ ಮೇಲೆ ದೂಳಿನ ಕಣವಿಲ್ಲ. ಮೇಲಿನ ಪದರ ಚಿನ್ನದ ಬಣ್ಣಕ್ಕೆ ತಿರುಗಿತ್ತು. ಶಾದ್ಲಿಯಾ ಬೆರಳು ತೂರಿಸಿದಳು. ಅಡಿಯಲ್ಲಿ ತೇವವಿತ್ತು, ಅಲ್ಲಲ್ಲಿ ಅಂಗೈಯಗಲ ಹೆಪ್ಪು.

"ತಿರುವದೆ ಬಿಟ್ರೆ ಇನ್ನೇನಾಗುತ್ತೆ?" ಎಂದ ಸಾಸಿ. "ನೀನಿಲ್ಲಿದ್ರೆ ತಿರುವ್ತಿದ್ದೆ. ತಾರಸಿ ಏನು ಮಾಡ್ಬೇಕೋ ಅದನ್ನ ಮಾಡಿದೆ. ಮೇಷ್ಟ್ರೇ, ಹೇಳಿ."

"ಬಿಸಿಲು ಚೆನ್ನಾಗಿದೆ, ದೂಳಿಲ್ಲ," ಎಂದೆ. ಸುಳ್ಳು ಹೇಳುವ ಹಾಗಿರಲಿಲ್ಲ.

ಶಾದ್ಲಿಯಾ ಹೆಪ್ಪನ್ನು ಬೆರಳುಗಳ ನಡುವೆ ಪುಡಿ ಮಾಡುತ್ತ ಸುತ್ತ ನೋಡಿದಳು. ಅಕ್ಕಪಕ್ಕದ ತಾರಸಿಗಳೆಲ್ಲ ಖಾಲಿ. "ನಿಜ, ಒಳ್ಳೆ ತಾರಸಿ," ಎಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷವೂ ಇರಲಿಲ್ಲ, ಸೋತ ಬೇಸರವೂ ಇರಲಿಲ್ಲ.

ಐದೂಮುಕ್ಕಾಲಕ್ಕೆ ಹಯ್ ರಿಹಾನದ ಮೆಟ್ಟಿಲು ಹತ್ತಿದೆವು. ಕೆಳಗೆ ಕಾಯುತ್ತಿದ್ದ ಹಮ್ಮಾದಿಯೂ ಹಿಂದೆಯೇ ಬಂದ. ನಾನು ಏದುಸಿರು ಬಿಡುತ್ತ ಕೊನೆಗೆ ತಲುಪಿದಾಗ ಶಾದ್ಲಿಯಾ ಟ್ಯಾಂಕುಗಳ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಲ್ಲಿ ನೆರಳಿತ್ತು. ಬಟ್ಟೆ ಇರಲಿಲ್ಲ.

"ಕದ್ದುಬಿಟ್ರು!" ಎಂದ ಸಾಸಿ. ಅವನ ದನಿಯಲ್ಲಿ ಖುಷಿ ಸ್ವಲ್ಪ ಹೆಚ್ಚೇ ಇತ್ತು.

"ಕದ್ದಿಲ್ಲ. ಅಲ್ಲಿ ನೋಡಿ."

ಬಟ್ಟೆ ತಾರಸಿಯ ಇನ್ನೊಂದು ತುದಿಯಲ್ಲಿತ್ತು, ಟಿವಿ ತಟ್ಟೆಗಳೆರಡರ ನಡುವಿನ ಇಕ್ಕಟ್ಟಿನಲ್ಲಿ, ಕೊನೆಯ ಬಿಸಿಲು ಬೀಳುವ ಜಾಗದಲ್ಲಿ. ಯಾರೋ ನಾಲ್ಕು ಮೂಲೆ ಹಿಡಿದು ಎಳೆದು ತಂದಿದ್ದರು. ಪರದೆಯನ್ನು ಹೊಸದಾಗಿ ಹೊದಿಸಿ, ಅಂಚಿಗೆ ಇಟ್ಟಿಗೆ ಚೂರು ಇಟ್ಟಿದ್ದರು. ಶಾದ್ಲಿಯಾ ಮಂಡಿಯೂರಿ ಪರದೆ ತೆಗೆದಳು. ಕಾಳುಗಳು ಬಿಡಿಬಿಡಿಯಾಗಿ, ಅಡಿಯಿಂದ ಮುಡಿಯವರೆಗೆ ಒಂದೇ ಸಮ ಒಣಗಿದ್ದವು. ಮೇಲೆ ಬೆರಳಾಡಿಸಿದ ಸಾಲುಗಳು, ಉತ್ತ ಹೊಲದ ಹಾಗೆ.

"ಯಾರೋ ತಿರುವಿದ್ದಾರೆ," ಎಂದಳು. "ಒಂದು ಸಲ ಅಲ್ಲ. ಮೂರು ನಾಲ್ಕು ಸಲ."

"ನಾನೇ, ಲಲ್ಲಾ!" ಎಂದ ಹಮ್ಮಾದಿ ಎದೆ ಮುಟ್ಟಿಕೊಂಡು. "ಪಾಪ, ಒಣಗಲ್ವೇನೋ ಅಂತ."

"ಹೌದಾ ಹಮ್ಮಾದಿ? ಹೇಗೆ ತಿರುವಿದೆ, ತೋರಿಸು."

ಹಮ್ಮಾದಿ ತೋರುಬೆರಳು ಚಾಚಿ ಗಾಳಿಯಲ್ಲಿ ಗುಂಡಗೆ ಸುತ್ತಿಸಿದ. ಚಹಾಕ್ಕೆ ಸಕ್ಕರೆ ಕಲಸಿದ ಹಾಗಿತ್ತು. ಸಾಸಿಗೂ ನಗು ತಡೆಯಲಾಗಲಿಲ್ಲ.

"ನಿಮ್ಮಮ್ಮ ಇದನ್ನ ನೋಡಿದ್ರೆ ನಿನಗೆ ಊಟ ಹಾಕ್ತಿರ್ಲಿಲ್ಲ," ಎಂದಳು ಶಾದ್ಲಿಯಾ. ಅಷ್ಟರಲ್ಲಿ ಬಟ್ಟೆಯ ಮೂಲೆಯಲ್ಲಿ ಇನ್ನೇನೋ ಅವಳ ಕಣ್ಣಿಗೆ ಬಿತ್ತು. ಮಡಿಸಿದ ಹಳೆಯ ಪತ್ರಿಕೆಯ ಮೇಲೆ ಒಂದು ಹಿಡಿ ದಪ್ಪ ಕಾಳುಗಳು ಬೇರೆಯಾಗಿದ್ದವು. ಆರಿಸಿ, ಗುಡ್ಡೆ ಮಾಡಿ ಇಟ್ಟಿದ್ದರು.

ಅವಳ ಮುಖ ಕೆಂಪಗಾಯಿತು. ಇಪ್ಪತ್ತು ವರ್ಷದಲ್ಲಿ ನಲವತ್ತು ಮನೆಗಳವರಲ್ಲಿ ಒಬ್ಬರೂ ಅವಳ ಜರಡಿಯ ಬಗ್ಗೆ ಮಾತಾಡಿದವರಲ್ಲ.

"ನನ್ನ ಕುಸ್ಕುಸ್‌ನಲ್ಲಿ ದಪ್ಪ ಕಾಳಾ! ಯಾರವರು? ಯಾವ ಮನೆಯವರು?"

"ಬೆಳಿಗ್ಗೆ ಆತುರದಲ್ಲಿ ಮೂರನೇ ಜರಡಿ ಹಿಡಿದೆಯೋ ಇಲ್ವೋ?" ಎಂದ ಸಾಸಿ ಮೆಲ್ಲಗೆ.

"ನೀವು ಸುಮ್ಮನಿರಿ."

ನಾನು ಬಗ್ಗಿ ಸಾಲುಗಳನ್ನು ನೋಡುತ್ತಿದ್ದೆ. ಮಕ್ಕಳ ಬರಹ ನೋಡಿ ಇದು ಯಾರದೆಂದು ಹೇಳುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಎರಡು ಸಾಲು ಒತ್ತಾಗಿ ಆಳ, ಆಮೇಲೆ ಒಂದು ಸಾಲಿನಷ್ಟು ಮುಟ್ಟದ ಜಾಗ, ಅದರಾಚೆಗೆ ಕಿರುಬೆರಳಿನ ಸಣ್ಣ ಗೀರು. ಎಲ್ಲ ಕಡೆಯೂ ಹೀಗೆಯೇ.

"ಶಾದ್ಲಿಯಾ, ಈ ಕೈಯಲ್ಲಿ ಒಂದು ಬೆರಳು ಮಡಿಸೋಕೆ ಬರಲ್ಲ," ಎಂದೆ.

ಅವಳು ಸಾಲುಗಳ ಮೇಲೆ ತನ್ನ ಬೆರಳುಗಳನ್ನಿಟ್ಟು ನೋಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ನಂತರ ಪತ್ರಿಕೆಯನ್ನು ಪೊಟ್ಟಣ ಕಟ್ಟಿಕೊಂಡು ಮೆಟ್ಟಿಲಿಳಿದಳು. ಮಂಡಿ ನೋವಿನ ಹೆಂಗಸು ನಾಲ್ಕು ಅಂತಸ್ತನ್ನು ನಾಲ್ಕು ಸಲ ಹತ್ತಿ ಇಳಿದಿದ್ದಾಳೆಯೇ ಎಂಬ ಆಶ್ಚರ್ಯದಲ್ಲಿ ನಾವೂ ಹಿಂದೆ ಹೋದೆವು.

ನಫೀಸಾ ಬಾಗಿಲು ತೆರೆದಳು. ಗಡಿಯಾರ ನೋಡಿಕೊಂಡಳು. "ಆರಾಗೋಕೆ ಇನ್ನೂ ಐದು ನಿಮಿಷ ಇದೆ. ತೆಗೆದ್ರಾ?"

"ಮದಾಮ್, ಇದೇನು?" ಎಂದು ಶಾದ್ಲಿಯಾ ಪೊಟ್ಟಣ ಬಿಚ್ಚಿದಳು.

"ದಪ್ಪ ಕಾಳು."

"ನನ್ನ ಕುಸ್ಕುಸ್ ನಲವತ್ತು ಮನೆಗೆ ಹೋಗುತ್ತೆ. ಒಬ್ರೂ ಈವರೆಗೆ ಕಾಳು ಆರಿಸಿಲ್ಲ."

"ಆರಿಸದೇ ಇದ್ರೆ ನುಂಗಿದ್ದಾರೆ. ನಿನ್ನ ಮೂರನೇ ಜರಡಿ ಸಡಿಲವಾಗಿದೆ ಮಗಳೇ. ನೀರು ಕೂಡ ಒಂದು ಹಿಡಿ ಜಾಸ್ತಿ ಚಿಮುಕಿಸಿದ್ದೀಯ."

"ನೀವೇ ಹರಡಬಾರದು ಅಂದ್ರಿ!"

"ಈಗಲೂ ಅಂತೀನಿ. ಹರಡಬಾರದು." ನಫೀಸಾ ದನಿ ಏರಿಸಿದಳು. "ಆದ್ರೆ ಹರಡಿದ್ದನ್ನ ತಿರುವದೆ ಬಿಟ್ಟು ಹೋಗೋದು ಯಾವ ಊರಿನ ಪದ್ಧತಿ? ಬಟ್ಟೆ ಒಗೆಯೋ ಪುಡಿ ಎಲ್ಲಿಟ್ಟೆ ಅಂತ ಹುಡುಕ್ತಾ ಇದ್ದೋಳಿಗೆ ಮೇಲೆ ಅದು ಹೆಪ್ಪಾಗ್ತಿದೆ ಅನ್ನೋದೇ ತಲೇಲಿ. ನೆರಳಲ್ಲಿ ಬೇರೆ ಹಾಕಿ ಹೋಗಿದ್ದೀಯ! ನನ್ನ ಮಂಡಿ ಹೋಯ್ತು ಇವತ್ತು."

ಓಣಿಯ ಜಗಳಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಇದು ಎಲ್ಲೋ ಬೇರೆ ಕಡೆಗೆ ತಿರುಗುತ್ತಿದೆ ಎಂದು ತಿಳಿಯಿತು. ಶಾದ್ಲಿಯಾ ಹುಬ್ಬು ಗಂಟಿಕ್ಕಿ ಕೇಳಿದಳು:

"ನೀವು ಎಲ್ಲಿ ಹರಡ್ತೀರಿ?"

ನಫೀಸಾಳ ಹಿಂದೆ ಅಡುಗೆಮನೆಯ ಕಪಾಟಿನ ಬಾಗಿಲು ಅರೆ ತೆರೆದಿತ್ತು. ಶಾದ್ಲಿಯಾ ಕುತ್ತಿಗೆ ಚಾಚಿ ನೋಡಿದಳು. ನಾಚಿಕೆಯಿಲ್ಲದ ಕುತೂಹಲ ಅವಳದು, ಮೊದಲಿನಿಂದಲೂ. ಕಪಾಟಿನಲ್ಲಿ ಅಂಗಡಿಯ ಪೊಟ್ಟಣಗಳು ಸಾಲಾಗಿದ್ದವು.

"ನೋಡಬೇಡ," ಎಂದಳು ನಫೀಸಾ. ದನಿ ಇಳಿದಿತ್ತು. "ಅಕ್ಕ ಇದ್ದಳು ಎದುರು ಮನೇಲಿ. ಇಬ್ರೂ ಸೇರಿ ಮಾಡ್ತಿದ್ವಿ. ಅವಳು ಹೋಗಿ ಆರು ವರ್ಷ. ಒಬ್ಬಳೇ ಕೂತು ಎಷ್ಟು ಹೊಸೆಯೋದು? ಯಾರ ಜೊತೆ ಮಾತಾಡ್ಕೊಂಡು ಹೊಸೆಯೋದು? ಬಂದೋರಿಗೆ ಮನೇದೇ ಅಂತ ಹೇಳಿ ಬಡಿಸ್ತೀನಿ. ದೇವರು ಕ್ಷಮಿಸಲಿ."

"ಅವರಿಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಸುಮ್ಮನೆ ತಿಂತಾರೆ."

ಶಾದ್ಲಿಯಾ ಜೋರಾಗಿ ನಕ್ಕುಬಿಟ್ಟಳು. ನಫೀಸಾಳ ತುಟಿ ಮೊದಲು ಬಿಗಿಯಿತು, ಆಮೇಲೆ ಅವಳೂ ನಕ್ಕಳು. ಆ ನಗು ಎಲ್ಲೋ ಕೇಳಿದ ಹಾಗಿದೆಯಲ್ಲ ಎನಿಸಿತು. ನನ್ನ ಮೇಜಿನವರೆಗೆ ಕೇಳಿಬರುತ್ತಿದ್ದುದು ಅಂಥದೇ ನಗು.

ಒಳಗೆ ಬನ್ನಿ ಎಂದಳು, ಚಹಾ ಆಯಿತು. ಸಾಸಿ ಆಗಾಗ ಗಡಿಯಾರ ನೋಡುತ್ತಿದ್ದ. ಹೆಂಗಸರಿಬ್ಬರೂ ಉಪ್ಪುನೀರು ತಣ್ಣಗಿರಬೇಕೋ ಉಗುರುಬೆಚ್ಚಗಿರಬೇಕೋ ಎಂಬಲ್ಲಿಗೆ ಹೋಗಿದ್ದರು. ಆ ಕಟ್ಟಡದಲ್ಲಿ ಇನ್ನು ಯಾರಿಗೆ ಹೊಸೆಯಲು ಬರುತ್ತದೆ ಎಂದು ಶಾದ್ಲಿಯಾ ಕೇಳಿದಳು. ಎರಡನೆಯ ಅಂತಸ್ತಿನ, ದಕ್ಷಿಣದ ಸೀಮೆಯಿಂದ ಬಂದ ಹುಡುಗಿಗೆ ಬರುತ್ತದೆ, ಆದರೆ ಅವಳಿಗೆ ಜಂಬ. ನಾಲ್ಕನೆಯದರಲ್ಲಿ ಇಬ್ಬರು ಸೋಮಾರಿಗಳಿದ್ದಾರೆ, ಕೂರಿಸಿದರೆ ಮಾಡುತ್ತಾರೆ ಎಂದು ನಫೀಸಾ ಒಬ್ಬೊಬ್ಬರನ್ನೂ ತೂಗಿ ಹೇಳಿದಳು.

"ನಿಯಮ?" ಎಂದೆ ನಾನು.

"ನಿಯಮ ಬರೆದೋಳು ನಾನು ಮೇಷ್ಟ್ರೇ. ಆಗಸ್ಟ್ ತಿಂಗಳು ಬಿಟ್ಟು ಅಂತ ಒಂದು ಸಾಲು ಸೇರಿಸೋಕೆ ನನ್ನ ಹತ್ತಿರ ಪೆನ್ನಿಲ್ವಾ? ಹನ್ನೆರಡು ಮನೆಯವರೂ ಸಹಿ ಹಾಕ್ಬೇಕು. ಹಾಕದೇ ಇರೋರು ಯಾರು ಅಂತ ನಾನೂ ನೋಡ್ತೀನಿ."

ಎರಡೂ ಮನೆಗಳು ಇನ್ನೂ ಸಾಸಿಯ ತಲೆಯಲ್ಲಿ ತೂಗುತ್ತಿದ್ದವು: ಒಂದು ಕಡೆ ಸ್ವಂತ ಬಾಗಿಲು, ನಿಂಬೆ ಗಿಡ, ಇನ್ನೊಂದು ಕಡೆ ಈ ಇಬ್ಬರು. ನಾವು ಹೊರಡಲು ಎದ್ದಾಗ ಅವನು ಹಮ್ಮಾದಿಯ ಜೊತೆ, ಬೀರ್ ಲೂಜಿನ ಮಾಲೀಕ ಸೋಮವಾರ ಸಿಗುತ್ತಾನೆಯೇ ಎಂದು ವಿಚಾರಿಸುತ್ತ ಮೊದಲೇ ಬೀದಿಗೆ ಹೊರಟುಹೋದ. ಹಾಗಾಗಿ ಬಾಗಿಲಲ್ಲಿ ನಡೆದದ್ದನ್ನು ಅವನು ನೋಡಲಿಲ್ಲ.

ನಫೀಸಾ ಒಳಗೆ ಹೋಗಿ ನೀಲಿ ಹೂವಿನ ಪಿಂಗಾಣಿ ಬಟ್ಟಲೊಂದನ್ನು ತಂದಳು. ತುಂಬ ಅಂಜೂರದ ಮುರಬ್ಬ, ಮೇಲೆ ಶುಭ್ರವಾದ ಬಟ್ಟೆ. "ನಿನ್ನ ಮಗಳಿಗೆ," ಎಂದಳು. ಶಾದ್ಲಿಯಾ ಎರಡೂ ಕೈ ಚಾಚುವ ಮೊದಲು ಒಂದು ಕ್ಷಣ ತಡೆದಳು. ಅದು ಹಿಂಜರಿಕೆಯಲ್ಲ ಎಂದು ನನಗೆ ಗೊತ್ತು, ಲೆಕ್ಕ ಹಾಕುತ್ತಿದ್ದಳು. ಆಮೇಲೆ ತೆಗೆದುಕೊಂಡಳು.

ಟ್ರಾಮಿನಲ್ಲಿ ಸಾಸಿ ಎದುರಿನ ಸೀಟಿನಲ್ಲಿ ಕುಳಿತು, ಬೀರ್ ಲೂಜ್ ಯಾಕೆ ಒಳ್ಳೆಯದು ಎಂದು ಬೆರಳು ಮಡಿಸಿ ನನಗೆ ಹೇಳತೊಡಗಿದ. ನಲ್ಲಿ ನಾಲ್ಕು ನಿಮಿಷಕ್ಕೆ ಬಕೆಟ್ ತುಂಬುತ್ತದೆ. ಅಂಗಳದಲ್ಲಿ ಸಂಜೆ ಕುರ್ಚಿ ಹಾಕಿಕೊಳ್ಳಬಹುದು. ಮೂರನೆಯದನ್ನು ಹೇಳುವಾಗ ಹೆಂಡತಿಯ ಮಡಿಲು ಕಣ್ಣಿಗೆ ಬಿತ್ತು.

"ಏನದು?"

"ಮುರಬ್ಬ."

"ಮುರಬ್ಬ ಕೇಳಲಿಲ್ಲ. ಬಟ್ಟಲು ಯಾರದು?"

"ನಫೀಸಾದು."

ಸಾಸಿ ಬೆರಳುಗಳನ್ನು ಮಡಿಸಿದ ಹಾಗೆಯೇ ಹಿಡಿದುಕೊಂಡು ಬಟ್ಟಲನ್ನೇ ನೋಡಿದ. ನಮ್ಮಲ್ಲಿ ಬೇರೆಯವರ ಮನೆಯ ಬಟ್ಟಲು ಬಂದರೆ ಅದು ಖಾಲಿಯಾಗಿ ಹಿಂದಕ್ಕೆ ಹೋಗುವಂತಿಲ್ಲ. ಇವಳು ಅದರಲ್ಲಿ ಏನಾದರೂ ಹಾಕಿ ಕೊಡಬೇಕು. ಅವಳು ಅದರಲ್ಲೇ ಮತ್ತೊಂದು ಹಾಕಿ ಕಳುಹಿಸಬೇಕು. ನನ್ನ ಹೆಂಡತಿಗೂ ಎದುರು ಮನೆಯವಳಿಗೂ ಆ ಓಡಾಟ ಮೂವತ್ತು ವರ್ಷವಾದರೂ ಮುಗಿದಿರಲಿಲ್ಲ.

"ಪೊಟ್ಟಣ ಕಟ್ಟಿಸಿಕೋಬಾರದಿತ್ತಾ?" ಎಂದ. "ಕಾಗದದಲ್ಲಿ ಕಟ್ಟಿಸಿಕೊಂಡಿದ್ರೆ ಆಗ್ತಿರ್ಲಿಲ್ವಾ?"

"ಮುರಬ್ಬಾನ ಕಾಗದದಲ್ಲಿ ಹೇಗೆ ಕಟ್ತಾರೆ?"

"ಬೀರ್ ಲೂಜ್‌ನಿಂದ ಹಯ್ ರಿಹಾನಕ್ಕೆ ಎರಡು ಬಸ್ಸು, ಒಂದು ಟ್ರಾಮು. ತಿಂಗಳಿಗೆ ಎಷ್ಟು ಸಲ ಬಟ್ಟಲು ಹೊತ್ಕೊಂಡು ಓಡಾಡ್ತೀಯ?"

"ಅದನ್ನೇ ಯೋಚಿಸ್ತಾ ಇದ್ದೆ," ಎಂದಳು ಶಾದ್ಲಿಯಾ. ಆಮೇಲೆ ದನಿ ಬದಲಾಯಿಸಿ ಹೇಳಿದಳು: "ಕೇಳಿ. ಆ ತಾರಸಿ ಮೇಲೆ ಬಿಸಿಲು ಚೆನ್ನಾಗಿದೆ. ಮೇಷ್ಟ್ರೂ ಹೇಳಿದ್ರು. ಆದ್ರೆ ನಾನು ಎರಡು ಕೈಯೋಳು. ನಲವತ್ತು ಮನೆಗೆ ಒಬ್ಬಳೇ ಹೊಸೆದು ಒಬ್ಬಳೇ ತಿರುವಿದ್ರೆ ಅಡಿಯೆಲ್ಲ ಹೆಪ್ಪಾಗುತ್ತೆ. ಇವತ್ತು ನೋಡಿದ್ರಲ್ಲ. ಇಪ್ಪತ್ತು ವರ್ಷ ತಾರಸಿ ಒಣಗಿಸ್ತಿದೆ ಅಂದ್ಕೊಂಡಿದ್ದೆ."

ಟ್ರಾಮು ಮೂರು ನಿಲ್ದಾಣ ದಾಟಿತು. ಸಾಸಿ ಕಿಟಕಿಯಾಚೆ ನೋಡುತ್ತಿದ್ದ. ಅವನು ಕಳೆದುಕೊಳ್ಳುತ್ತಿದ್ದದ್ದು ಚಿಕ್ಕದಲ್ಲ. ಅದು ಅವಳಿಗೂ ಗೊತ್ತಿತ್ತು.

"ಪಾಯಖಾನೆ ನಮ್ಮದೇ ತಾನೆ ಅಲ್ಲಿ?" ಎಂದು ಕೊನೆಗೆ ಕೇಳಿದ.

"ನಮ್ಮದೇ. ಒಳಗಡೆ."

"ಬಾಗಿಲಿಗೆ ಬೀಗ ನಾನೇ ಹೊಸದು ಹಾಕ್ತೀನಿ. ಹಳೇದು ಬೇಡ."

"ಎರಡು ಹಾಕಿ."

ಸಾಸಿ ಬಟ್ಟಲಿನ ಬಟ್ಟೆ ಸರಿಸಿ, ಒಂದು ಅಂಜೂರ ಎತ್ತಿ ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ. "ಸಕ್ಕರೆ ಕಡಿಮೆ," ಎಂದ.

"ಅವರಿಗೆ ಹೇಳ್ತೀನಿ," ಎಂದಳು ಶಾದ್ಲಿಯಾ. "ಬಟ್ಟಲು ಕೊಡೋಕೆ ಹೋದಾಗ."

ಮುಂದಿನ ಆಗಸ್ಟಿನಲ್ಲಿ ನಾನೂ ನನ್ನ ಹೆಂಡತಿಯೂ ಹಯ್ ರಿಹಾನಕ್ಕೆ ಹೋಗಿದ್ದೆವು. ಟಿವಿ ತಟ್ಟೆಗಳನ್ನೆಲ್ಲ ಒಂದು ಬದಿಗೆ ಸರಿಸಿದ್ದರು. ಅದು ಸಾಸಿಯ ಕೆಲಸವಂತೆ. ಐದು ಹೆಂಗಸರು ಹರಿವಾಣದ ಸುತ್ತ ಕುಳಿತಿದ್ದರು. ಜಂಬದ ಹುಡುಗಿ ಹಾಡುತ್ತಿದ್ದಳು. ನಫೀಸಾ ಮೂರನೆಯ ಜರಡಿಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ಪರೀಕ್ಷಿಸುತ್ತಿದ್ದಳು. ಮೂಲೆಯಲ್ಲಿ ಹಳೆಯ ಪತ್ರಿಕೆಯ ಮೇಲೆ ದಪ್ಪ ಕಾಳುಗಳ ಸಣ್ಣ ಗುಡ್ಡೆಯೊಂದಿತ್ತು. ಇದು ಯಾರು ಹೊಸೆದದ್ದು ಎಂದು ಕೇಳಿದೆ. ಐವರೂ ಒಂದೇ ಸಲ ಐದು ಬೇರೆ ಬೇರೆ ಹೆಸರು ಹೇಳಿದರು.